ಅತ್ತೆಯ ಗೋಣಿ, ಅಳಿಯನ ಫ್ರಿಜ್ಜು

ಹನ್ನೆರಡು ವರ್ಷದ ಸಂಸಾರದಲ್ಲಿ ಕಾಶಿನಾಥನಿಗೆ ಸಿಗದೇ ಉಳಿದದ್ದು ಒಂದೇ ಒಂದು. ಅದು ಬಂಗಾರದ ಉಂಗುರವಲ್ಲ, ಊರ ಕಡೆಯ ಪ್ಲಾಟೂ ಅಲ್ಲ. ಅತ್ತೆ ಶಿವದೇವಿಯ ಬಾಯಿಂದ ಬೀಳಬೇಕಾಗಿದ್ದ ಎರಡು ಶಬ್ದ: "ಅಳಿಯಂದ್ರು ಶಾಣ್ಯಾರು." ಅಳಿಯ ಜಾಣ ಎಂದರ್ಥ, ಇಷ್ಟೇ. ಇಷ್ಟನ್ನು ಹೇಳಲು ಯಾರಿಗಾದರೂ ಎಷ್ಟು ಹೊತ್ತು ಬೇಕು? ಶಿವದೇವಿಗೆ ಹನ್ನೆರಡು ವರ್ಷ ಸಾಲದಾಗಿತ್ತು.

ಆಕೆಗೆ ಆ ಶಬ್ದವೇ ಗೊತ್ತಿರಲಿಲ್ಲ ಎಂದರೆ ಕಾಶಿನಾಥ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದ. ಗೊತ್ತಿತ್ತು. ಧಾರಾಳವಾಗಿ ಬಳಸುತ್ತಲೂ ಇದ್ದಳು. ಆದರೆ ಅಷ್ಟನ್ನೂ ಸಿಕಂದರಾಬಾದಿನ ರೈಲ್ವೆ ಆಫೀಸಿನಲ್ಲಿರುವ ಕಿರಿಯ ಅಳಿಯ ಆನಂದಕುಮಾರನ ಖಾತೆಗೇ ಸುರಿಯುತ್ತಿದ್ದಳು. ಆನಂದಕುಮಾರ ಕುಕ್ಕರಿನ ರಬ್ಬರ್ ಬದಲಿಸಿದ, ಶಾಣ್ಯಾ. ಆನಂದಕುಮಾರ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ, ಭಾಳ ಶಾಣ್ಯಾ. ಒಮ್ಮೆ ಆನಂದಕುಮಾರ ಏನೂ ಮಾಡದೆ ಸೋಫಾದ ಮೇಲೆ ಕೂತಿದ್ದ. "ನೋಡು ಸುಮಾ, ಎಷ್ಟು ಶಾಣ್ಯಾ, ಹೆಂಗ ಸುಮ್ನ ಕುಂತಾನ!" ಎಂದು ಕಾಶಿನಾಥನ ಹೆಂಡತಿಗೆ ಹೇಳಿದ್ದಳು ಅತ್ತೆ. ಮರುದಿನ ಅದೇ ಸೋಫಾದ ಮೇಲೆ, ಅದೇ ಭಂಗಿಯಲ್ಲಿ ಕಾಶಿನಾಥ ಕೂತು ನೋಡಿದ. "ಯಾಕ್ರಿ ಅಳಿಯಂದ್ರ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದಳು.

ಹಾಗೆಂದು ಕಾಶಿನಾಥನೇನೂ ದಡ್ಡನಲ್ಲ. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಉಗ್ರಾಣಾಧಿಕಾರಿ ಆತ. ಸಾವಿರಾರು ಡ್ರಮ್ಮುಗಳು, ಲಕ್ಷಾಂತರ ಗುಳಿಗೆಗಳು ಅವನ ಸುಪರ್ದಿನಲ್ಲಿ. ಪ್ರತಿಯೊಂದಕ್ಕೂ ಒಂದು ಚೀಟಿ. ಅದರ ಮೇಲೆ ವಸ್ತುವಿನ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಮುದತು. ಅವನ ಕಣ್ಣು ತಪ್ಪಿಸಿ ಅಲ್ಲಿ ಒಂದು ಗುಳಿಗೆ ಕೂಡ ಮುದತು ಮೀರಿ ಬದುಕುವಂತಿರಲಿಲ್ಲ. (ಮನೆ ಎಂದರೆ ಕಾರ್ಖಾನೆಯ ಉಗ್ರಾಣವಲ್ಲ ಎಂದು ಹೆಂಡತಿ ಸುಮಂಗಲಾ ಹಲವು ಸಲ ಹೇಳಿದ್ದಳು. ಅದಕ್ಕೆ ಲಿಖಿತ ಆಧಾರವಿಲ್ಲವಾದ್ದರಿಂದ ಅವನು ಗಣನೆಗೆ ತೆಗೆದುಕೊಂಡಿರಲಿಲ್ಲ.)

ಇಂಥವನ ಮಿಯಾಪುರದ ಮನೆಗೆ, ಎಳ್ಳಮಾವಾಸ್ಯೆ ಇನ್ನೂ ಹತ್ತು ದಿನ ಇರುವಾಗಲೇ, ಶಿವದೇವಿ ಹುಮನಾಬಾದ್ ಬಸ್ಸಿನಿಂದ ಬಂದಿಳಿದಳು. ಬಂದದ್ದು ಮೊಣಕಾಲನ್ನು ಡಾಕ್ಟರಿಗೆ ತೋರಿಸಲು. ಆದರೆ ಮೊಣಕಾಲಿನ ಜೊತೆಗೆ ಒಂದು ದೊಡ್ಡ ಗೋಣಿಚೀಲವೂ ಬಂದಿತ್ತು. ಅದನ್ನು ಲಿಫ್ಟಿಗೆ ಎಳೆಯುವಷ್ಟರಲ್ಲಿ ಕಾಶಿನಾಥನ ಸೊಂಟವನ್ನೂ ಡಾಕ್ಟರಿಗೆ ತೋರಿಸುವ ಹಾಗಾಯಿತು.

ಚೀಲ ಬಿಚ್ಚಿದರೆ ಹೊಲಕ್ಕೆ ಹೊಲವೇ ಹಾಲ್‌ನಲ್ಲಿ ಹರಡಿಕೊಂಡಿತು. ಮುಳ್ಳು ತೊಟ್ಟಿನ ಹಸಿರು ಗೀರಿನ ಬದನೆಕಾಯಿ, ಕಿರುಬೆರಳಿನಷ್ಟು ಗಜ್ಜರಿ, ಮಣ್ಣು ಬೇರು ಸಮೇತ ಮೆಂತೆಪಲ್ಲೆ, ಉಳ್ಳಾಗಡ್ಡಿ ತಪ್ಪಲು, ತೊಗರಿಕಾಯಿ, ಅವರೆಕಾಯಿ, ಹಸಿಕಡಲೆ, ಮೇಲೆ ಘಮ್ಮೆನ್ನುವ ಪೇರಲ ಹಣ್ಣು.

"ಭಜ್ಜಿಗೆ," ಎಂದಳು ಶಿವದೇವಿ.

ಬೀದರ, ಕಲಬುರಗಿ ಕಡೆಯವರಿಗೆ ಇನ್ನೇನೂ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಎಳ್ಳಮಾವಾಸ್ಯೆ ದಿನ ಆ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ನೈವೇದ್ಯದ ಅಡುಗೆಯನ್ನು ಬೆಳೆಗೆ ಚರಗವೆಂದು ಚೆಲ್ಲಿ, ಆ ಕಾಲದ ಕಾಯಿ, ಕಾಳು, ಸೊಪ್ಪು ಎಲ್ಲವನ್ನೂ ಒಟ್ಟಿಗೆ ಕುದಿಸಿದ ಭಜ್ಜಿಯನ್ನು ಸಜ್ಜೆ ರೊಟ್ಟಿಗೆ ಹಚ್ಚಿಕೊಂಡು ಉಣ್ಣುತ್ತಾರೆ. ಮಿಯಾಪುರದ ಅಪಾರ್ಟ್‌ಮೆಂಟಿನ ಹನ್ನೊಂದು ಕನ್ನಡ ಮನೆಯವರಿಗೆ ಹೊಲವೆಲ್ಲಿಂದ ಬರಬೇಕು? ಅವರು ಮಕ್ಕಳ ಪಾರ್ಕಿನ ಜಾರುಬಂಡೆಯ ಕೆಳಗೆ ಐದು ಕಲ್ಲಿಟ್ಟು, ಕ್ರೋಟನ್ ಗಿಡಗಳಿಗೇ ಚರಗ ಚೆಲ್ಲುತ್ತಿದ್ದರು. ಈ ಸಲ ಭಜ್ಜಿಯ ಪಾಳಿ ಕಾಶಿನಾಥನ ಮನೆಯದು.

"ಅಂಗಡಿಯಾಗಿಂದು ಹಾಕಿದ್ರ ಅದು ಭಜ್ಜಿ ಅನಸ್ಕೊಳ್ಳಂಗಿಲ್ಲ," ಎಂದಳು ಶಿವದೇವಿ. "ನಮ್ಮ ಹೊಲದ್ದೇ ಆಗಬೇಕು. ಹತ್ತು ದಿನ ಕೆಡದಂಗ ಇಡೋದು ನನಗ ಬಿಡ್ರಿ. ಹಸಿ ಗೋಣಿ ಒಂದಿದ್ರ ಆತು."

ಹಸಿ ಗೋಣಿ! ಕಾಶಿನಾಥನ ಉಗ್ರಾಣದ ರಕ್ತ ಕುದಿಯಿತು.

"ಅತ್ತಿಯವರ, ಸಂರಕ್ಷಣೆ ಅನ್ನೋದು ಒಂದು ಶಾಸ್ತ್ರರಿ. ನಾನು ದಿನಾ ಮಾಡೋ ಕೆಲಸಾನ ಅದು. ಗೋಣಿ ಹೊಚ್ಚಿ ಇಡಾಕ ಇವೇನು ಆಡಿನ ಮರಿ ಏನ್ರಿ?"

"ಹಂಗಾರ ನೀವು ಇಡ್ತೀರೇನು?"

"ಇಡ್ತೀನಿ. ಹತ್ತು ದಿನ ಅಲ್ಲ, ಇಪ್ಪತ್ತು ದಿನ ಇಡ್ತೀನಿ."

"ಇಪ್ಪತ್ತು ಬ್ಯಾಡ, ಅಷ್ಟರಾಗ ಸಂಕ್ರಾಂತಿ ಬರತೈತಿ," ಎಂದ ಶಿವದೇವಿ ಚೀಲದ ಸರಕನ್ನು ಕೈಯಿಂದಲೇ ಎರಡು ಪಾಲು ಮಾಡಿದಳು. "ಇದು ನಿಮ್ಮದು, ಇದು ನನ್ನದು. ಎಳ್ಳಮಾವಾಸಿ ಮುಂಜಾನೆ ಎಲ್ಲರ ಮುಂದ ತಗಿಯೋಣು. ನಿಮ್ಮದು ನನ್ನದಕ್ಕಿಂತ ಚಲೋ ಇದ್ರ, ಹನ್ನೊಂದು ಮನಿ ಮಂದಿ ಮುಂದ 'ನಮ್ಮ ಹಿರೇ ಅಳಿಯಂದ್ರು ಶಾಣ್ಯಾರು' ಅಂತೀನಿ."

ಕಾಶಿನಾಥನ ಕಿವಿ ನಿಮಿರಿತು. "ಖರೇನ ಅಂತೀರಿ?"

"ಅಂತೀನಿ. ಕೆಟ್ಟಿದ್ರ ಮಾತ್ರ ನೀವು ನಿಂತು ಹೇಳಬೇಕು, 'ಆನಂದಕುಮಾರ ನನಗಿಂತ ಶಾಣ್ಯಾ' ಅಂತ."

ಸುಮಂಗಲಾ ಒಳಗಿನಿಂದಲೇ, "ಒಪ್ಪಬ್ಯಾಡ್ರೀ" ಎಂದು ಕೂಗಿದಳು. ಅಷ್ಟರಲ್ಲಿ ಅವನು ಒಪ್ಪಿಯಾಗಿತ್ತು.

ಶಿವದೇವಿಯ ಕೆಲಸ ಕಾಲು ತಾಸಿನಲ್ಲಿ ಮುಗಿಯಿತು. ಮಣ್ಣು ಕೊಡವಿದಳು, ತೊಳೆಯಲಿಲ್ಲ. ಮೆಂತೆಯನ್ನು ಬೇರು ಸಮೇತ ಪೇಪರಿನಲ್ಲಿ ಸುತ್ತಿದಳು. ಗಜ್ಜರಿಯನ್ನು ಹಳೆಯ ಬಕೆಟ್ಟಿನ ಉಸುಕಿನಲ್ಲಿ ಹೂತಳು. ಉಳಿದದ್ದನ್ನು ನೆರಳಿನ ಬಾಲ್ಕನಿಯಲ್ಲಿ ಬುಟ್ಟಿಗೆ ಹಾಕಿ, ಒದ್ದೆ ಮಾಡಿ ಹಿಂಡಿದ ಗೋಣಿ ಹೊಚ್ಚಿದಳು. ಪೇರಲ ಹಣ್ಣುಗಳನ್ನು ಮಾತ್ರ ಬಾಲ್ಕನಿಯ ಆ ತುದಿಗೆ ಗಡೀಪಾರು ಮಾಡಿದಳು.

"ಹಣ್ಣು ಕಾಯಿ ಕೂಡ ಇಡಬಾರ್ದು. ಹಣ್ಣಾದದ್ದು ಬಾಜೂಕ ಇದ್ದದ್ದನ್ನೂ ಹಣ್ಣು ಮಾಡತೈತಿ," ಎಂದು ಅಳಿಯನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, ಟೀವಿ ಮುಂದೆ ಹೋಗಿ ಕೂತಳು.

ಕಾಶಿನಾಥನ ಕೆಲಸ ಭಾನುವಾರವಿಡೀ ನಡೆಯಿತು. ಮೊದಲು ಶುದ್ಧೀಕರಣ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ತಲೆಗೆ ಸುಮಂಗಲಾಳ ಶವರ್ ಟೋಪಿ. ಬಕೆಟ್ಟಿನ ಗುಲಾಬಿ ಬಣ್ಣದ ಔಷಧಿ ನೀರಿನಲ್ಲಿ ಪ್ರತಿಯೊಂದು ತೊಗರಿಕಾಯಿಯೂ ಮೂರು ಮುಳುಗು ಹಾಕಿ ಪಾವನವಾಯಿತು. ಆಮೇಲೆ ಎಲ್ಲವನ್ನೂ ಜಿಪ್ ಕವರುಗಳಿಗೆ ತುಂಬಿದ.

"ತೊಯ್ದದ್ದು ಆರಲಿ ತಡೀರಿ," ಎಂದಳು ಸುಮಂಗಲಾ. "ಹಸಿ ಹಸಿ ಕಟ್ಟಿಟ್ಟರ ಕೊಳೀತಾವು."

"ಗಾಳಿ ಇದ್ರ ತಾನ ಕೊಳಿಯೋದು? ಗಾಳೀನ ತಗದು ಒಗಿತೀನಿ."

ಕಾರ್ಖಾನೆಯಲ್ಲಿ ಗಾಳಿ ತೆಗೆಯಲು ಯಂತ್ರವಿತ್ತು. ಮನೆಯಲ್ಲಿದ್ದದ್ದು ಎಳನೀರು ಕುಡಿಯುವ ಸ್ಟ್ರಾ. ಕಾಶಿನಾಥ ಪ್ರತಿ ಕವರಿನ ಮೂಲೆಗೆ ಸ್ಟ್ರಾ ಸಿಕ್ಕಿಸಿ, ಕೆನ್ನೆ ಒಳಕ್ಕೆಳೆದು, ಕಣ್ಣು ಹೊರಕ್ಕೆ ತಂದು, ಜಾಗತಿಕ ಮಟ್ಟದ ನಿರ್ವಾತವನ್ನು ಸೃಷ್ಟಿಸಿದ. ಇಪ್ಪತ್ತಮೂರನೆಯ ಕವರಿಗೆ ತಲೆ ಸುತ್ತಿ ಅಡುಗೆಮನೆಯ ನೆಲದ ಮೇಲೆ ಕೂತ. ಸುಮಂಗಲಾ ಒಂದು ಲೋಟ ನೀರು ತಂದುಕೊಟ್ಟಳು. ಅದನ್ನು ಕುಡಿಯಲೂ ಸ್ಟ್ರಾ ಹುಡುಕಿದ.

ನಂತರ ಫ್ರಿಜ್ಜಿನ ಮೂಲ ನಿವಾಸಿಗಳಾದ ದೋಸೆ ಹಿಟ್ಟು, ಮೊಸರು, ಉಪ್ಪಿನಕಾಯಿ, ಮಲ್ಲಿಗೆ ದಂಡೆ ಎಲ್ಲವೂ ಒಕ್ಕಲೆದ್ದವು. ಆ ಜಾಗದಲ್ಲಿ ಕವರುಗಳು ಸಾಲಾಗಿ ನಿಂತವು. ಪೇರಲ ಹಣ್ಣು ಮೆಂತೆಯ ಮಗ್ಗುಲಲ್ಲೇ ಮಲಗಿತು. ಪ್ರತಿಯೊಂದಕ್ಕೂ ಚೀಟಿ. 'ವಸ್ತು: ಬದನೆಕಾಯಿ. ಬ್ಯಾಚ್: ೧. ತಪಾಸಣೆ ಮಾಡಿದವರು: ಕಾಶಿನಾಥ. ತಪಾಸಣೆಯನ್ನು ತಪಾಸಣೆ ಮಾಡಿದವರು: ಕಾಶಿನಾಥ. ಷರಾ: ಅಂಗೀಕೃತ.' ಬಾಗಿಲಿಗೊಂದು ಫಲಕ: 'ಅನುಮತಿಯಿಲ್ಲದೆ ತೆರೆಯಬಾರದು.' ಆ ವಾರ ಸುಮಂಗಲಾ ಚಹಾದ ಹಾಲನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟು ಸಂಸಾರ ಮಾಡಿದಳು.

ನಾಲ್ಕನೆಯ ದಿನ ಬೆಳಿಗ್ಗೆ, ಇನ್ನೂ ಯಾರೂ ಏಳದ ಹೊತ್ತಿನಲ್ಲಿ, ಕಾಶಿನಾಥ ತನಗೆ ತಾನೇ ಅನುಮತಿ ಕೊಟ್ಟುಕೊಂಡು ಫ್ರಿಜ್ ತೆರೆದ.

ಮೆಂತೆಪಲ್ಲೆ ಲೇಹ್ಯವಾಗಿತ್ತು. ಉಳ್ಳಾಗಡ್ಡಿ ತಪ್ಪಲು ಕವರಿನೊಳಗೇ ಕಣ್ಣೀರು ಸುರಿಸುತ್ತಿತ್ತು. ಬದನೆಕಾಯಿಯ ಮೇಲೆ ಕಂದು ಕಲೆಗಳು ಎದ್ದಿದ್ದವು. ತೊಗರಿಕಾಯಿಯ ಮೇಲೆ ಬಿಳಿ ನವಿರು ಬೆಳೆದಿತ್ತು. ಇಷ್ಟಾದರೂ ಎಲ್ಲದರ ಮೇಲೂ 'ಅಂಗೀಕೃತ' ಎಂಬ ಚೀಟಿ ಮಾತ್ರ ಒಂದು ಚೂರೂ ಕೆಡದೆ ಹೊಳೆಯುತ್ತಿತ್ತು.

ಓಡಿಹೋಗಿ ಬಾಲ್ಕನಿಯ ಗೋಣಿಯನ್ನು ಎತ್ತಿ ನೋಡಿದ. ಅತ್ತೆಯ ಮೆಂತೆ ಈಗ ತಾನೇ ಕಿತ್ತಂತೆ ತಲೆ ಎತ್ತಿ ನಿಂತಿತ್ತು. ಕಾಶಿನಾಥನ ಕಣ್ಣ ಮುಂದೆ ಜಾರುಬಂಡೆ ಬಂತು, ಅದರ ಕೆಳಗಿನ ಐದು ಪಾಂಡವರು ಬಂದರು, ಹನ್ನೊಂದು ಮನೆಯ ಮಂದಿ ಬಂದರು, ಅವರೆಲ್ಲರೆದುರು ನಿಂತು 'ಆನಂದಕುಮಾರ ನನಗಿಂತ ಶಾಣ್ಯಾ' ಎನ್ನುತ್ತಿರುವ ತಾನೂ ಬಂದ. 

ಕೊಳೆತದ್ದನ್ನೆಲ್ಲ ಆಫೀಸ್ ಬ್ಯಾಗಿಗೆ ತುಂಬಿಕೊಂಡು ಅವನು ನೇರವಾಗಿ ಹೋದದ್ದು ಮೆಟ್ರೊ ಕಂಬದ ಕೆಳಗಿನ ಹುಸೇನಮ್ಮನ ತಳ್ಳುಗಾಡಿಗೆ. ಹುಸೇನಮ್ಮ ಯಾದಗಿರಿ ಕಡೆಯವಳು. ಗಿರಾಕಿ ತೆಲುಗಿನವನಾದರೆ ತೆಲುಗು, ಹಿಂದಿಯವನಾದರೆ ಹಿಂದಿ. ಕಾಶಿನಾಥನಂಥವರು ಬಂದರೆ ಮಾತ್ರ ನಾಲಿಗೆ ಸಡಿಲ ಬಿಟ್ಟು ಕನ್ನಡ.

"ಬದನೀಕಾಯಿ, ಗಜ್ಜರಿ, ಮೆಂತೆ, ತೊಗರಿಕಾಯಿ, ಅವರಿ, ಹಸಿಕಡ್ಲಿ... ಎಲ್ಲಾ ಕೊಡವ್ವಾ. ಲಗೂ."

"ಏನ್ರಿ ಸಾಹೇಬ್ರ, ಇಷ್ಟ್ ಲಗೂನ ಎಳ್ಳಮಾವಾಸಿ ಮಾಡಾಕತ್ತೀರಿ?"

"ಯಾರಿಗೂ ಹೇಳಬ್ಯಾಡ. ಮನ್ಯಾಗಿನ ವಿಷಯ ಐತಿ."

"ನಾ ಯಾಕ ಹೇಳಲಿ? ನನ್ನ ಯಾರ ಕೇಳ್ತಾರ?" ಎಂದಳು ಹುಸೇನಮ್ಮ. (ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಆಕೆ ಒಂದು ಅಕ್ಷರವೂ ಸುಳ್ಳು ಹೇಳಲಿಲ್ಲ.)

ಬ್ಯಾಗು, ಚೀಲ ಎರಡನ್ನೂ ಹೊತ್ತು ಮನೆಗೆ ಬಂದರೆ ಬಾಗಿಲು ತೆರೆದವಳು ಶಿವದೇವಿಯೇ.

"ಎಲ್ಲಿಗೆ ಹೋಗಿದ್ರಿ ಅಳಿಯಂದ್ರ?"

"ವಾಕಿಂಗಿಗೆ."

"ವಾಕಿಂಗಿಗೆ ಚೀಲ ಯಾಕ್ರಿ?"

"ತೂಕ ಹೊತ್ತು ನಡದ್ರ ಬೊಜ್ಜು ಲಗೂನ ಕರಗತೈತ್ರಿ. ಹೊಸಾ ಪದ್ಧತಿ."

ಶಿವದೇವಿ ಅವನ ಹೊಟ್ಟೆಯನ್ನೂ ಚೀಲದ ಬಾಯಿಂದ ಇಣುಕುತ್ತಿದ್ದ ಉಳ್ಳಾಗಡ್ಡಿ ತಪ್ಪಲನ್ನೂ ಸಾವಧಾನವಾಗಿ ನೋಡಿ, "ಕರಗಲಿ, ಕರಗಲಿ" ಎಂದು ಸ್ನಾನಕ್ಕೆ ಹೋದಳು.

ಇಲ್ಲಿ ಕಾಶಿನಾಥನ ಸ್ವಭಾವದ ಬಗ್ಗೆ ಒಂದು ಮಾತು. ಬೇರೆ ಯಾರಾದರೂ ಆಗಿದ್ದರೆ ಹೊಸ ಕಾಯಿಪಲ್ಲೆಯನ್ನು ತೊಳೆಯದೆ ಹಾಗೆಯೇ ಇಡುತ್ತಿದ್ದರು. ಕಾಶಿನಾಥ ಮತ್ತೆ ಗುಲಾಬಿ ನೀರಿನಲ್ಲಿ ಅದ್ದಿದ, ಮತ್ತೆ ಕವರಿಗೆ ಹಾಕಿದ, ಮತ್ತೆ ಸ್ಟ್ರಾ ಹಚ್ಚಿ ಹೀರಿದ. ಪದ್ಧತಿ ತಪ್ಪಾಗಲು ಹೇಗೆ ಸಾಧ್ಯ? ತಪ್ಪಿದ್ದರೆ ಅದು ಮೊದಲ ಬ್ಯಾಚಿನ ಮೆಂತೆಯದು, ಅದರ ನಡತೆಯೇ ಸರಿಯಿರಲಿಲ್ಲ.

ಅಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವನು ಬ್ಯಾಗ್ ತೆರೆಸಿದ. ಒಳಗಿನ ವಾಸನೆ ಮೊದಲು ಹೊರಬಂತು, ಹಿಂದೆಯೇ ಲೇಹ್ಯ.

"ಇದೇಂಟಿ ಸಾರ್?" ಎಂದ ಅವನು ಮೂಗು ಮುಚ್ಚಿಕೊಂಡು.

"ಸ್ಯಾಂಪಲ್," ಎಂದ ಕಾಶಿನಾಥ ಗಂಭೀರವಾಗಿ.

ಸೆಕ್ಯುರಿಟಿಯವನು ಚೀಟಿ ಓದಿದ. 'ಅಂಗೀಕೃತ' ಎಂದು ಸಾಹೇಬರೇ ಎರಡೆರಡು ಸಲ ಸಹಿ ಹಾಕಿದ್ದರು. ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಆ ದಿನದಿಂದ ತನ್ನ ತಲೆನೋವಿಗೆ ಆ ಕಾರ್ಖಾನೆಯ ಗುಳಿಗೆ ನುಂಗುವುದನ್ನು ಅವನು ಬಿಟ್ಟನಂತೆ.

ಐದನೆಯ ದಿನ ಊಟಕ್ಕೆ ಕೂತಾಗ ಶಿವದೇವಿ ರೊಟ್ಟಿ ಮುರಿಯುತ್ತಾ ಕೇಳಿದಳು, "ಅಳಿಯಂದ್ರ, ಫ್ರಿಜ್‌ನಾಗ ಇಟ್ಟರ ಬದನೀಕಾಯಿ ಬಣ್ಣ ಬದಲಾಕ್ಕೈತೇನ್ರಿ? ನಮ್ಮವು ಹಸಿರು ಗೀರಿನವು ಇದ್ದವು. ಕಾಜಿನ ಬಾಗಲದಾಗಿಂದ ನೋಡಿದ್ರ ಕಪ್ಪಗ ಮಿಂಚಾಕತ್ತಾವು."

ಆ ಫ್ರಿಜ್ಜಿಗೆ ಗಾಜಿನ ಬಾಗಿಲೇ ಇಲ್ಲ ಎಂಬುದು ಕಾಶಿನಾಥನಿಗೆ ಹೊಳೆಯಲೇ ಇಲ್ಲ. ಅವನಿಗೆ ಹೊಳೆದದ್ದು ಉತ್ತರ ಮಾತ್ರ.

"ಥಂಡಿಗೆ ಬಣ್ಣ ಗಟ್ಟಿ ಆಗತೈತ್ರಿ. ರಾಸಾಯನಿಕ ಪರಿವರ್ತನೆ."

"ಮತ್ತ ಗಜ್ಜರಿ? ಕಿರುಬೆರಳಷ್ಟು ಇದ್ದವು. ಈಗ ಲಟ್ಟಣಗಿ ಆಗ್ಯಾವು. ಫ್ರಿಜ್‌ನಾಗ ಬೆಳೀತಾವೇನ್ರಿ?"

ಸುಮಂಗಲಾಳಿಗೆ ಅನ್ನ ನೆತ್ತಿಗೇರಿತು. ಕಾಶಿನಾಥ ಆಕೆಯ ತಲೆ ತಟ್ಟುತ್ತಾ ಹೇಳಿದ, "ಆದರ್ಶ ವಾತಾವರಣ ಸಿಕ್ಕರ ಬೆಳೀತಾವ್ರಿ ಅತ್ತಿಯವರ. ಗೋಣ್ಯಾಗ ಬೆಳಿಯಂಗಿಲ್ಲ."

"ಹೌದೌದು, ಗೋಣ್ಯಾಗ ಬೆಳಿಯಂಗಿಲ್ಲ," ಎಂದು ಶಿವದೇವಿ ವಿನಯದಿಂದ ಒಪ್ಪಿಕೊಂಡಳು. ಹನ್ನೆರಡು ವರ್ಷದಲ್ಲಿ ಆಕೆ ಅವನ ಮಾತನ್ನು ಒಪ್ಪಿಕೊಂಡದ್ದು ಅದೇ ಮೊದಲು. ಅವನು ಆ ಸಂತೋಷಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಏಳನೆಯ ದಿನ ಎರಡನೆಯ ಬ್ಯಾಚೂ ಲೇಹ್ಯವಾಯಿತು. ಮತ್ತೆ ವಾಕಿಂಗು, ಮತ್ತೆ ಹುಸೇನಮ್ಮ, ಮತ್ತೆ ಸ್ಟ್ರಾ. ಅವನ ಕೆನ್ನೆ ಒಳಗಿಳಿದು ಮುಖ ಸೊರಗಿದಂತಾಯಿತು. ಸಹೋದ್ಯೋಗಿಗಳು ಯೋಗ ಮಾಡುತ್ತೀರಾ ಎಂದು ಕೇಳಿದರು. ಇನ್ನೊಂದೇ ಸಲ, ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ, ಬದಲಿಸಿಬಿಟ್ಟರೆ ಗೆದ್ದಂತೆ ಎಂದು ಲೆಕ್ಕ ಹಾಕಿದ. ಆ ಒಂದು ಸಲಕ್ಕೆ ಬೇಕಾದದ್ದನ್ನೆಲ್ಲ ತೆಗೆದಿಡಲು ಹುಸೇನಮ್ಮನಿಗೆ ಹೇಳಿಯೂ ಇಟ್ಟ.

ಅಮಾವಾಸ್ಯೆಯ ಹಿಂದಿನ ದಿನವೇ ಕಾರ್ಖಾನೆಗೆ ತನಿಖಾ ತಂಡ ಬಂತು. ನಸುಕಿನಲ್ಲೇ ಕಂಪನಿ ಬಸ್ಸು ಮನೆ ಮುಂದೆ ನಿಂತು ಹಾರ್ನ್ ಹೊಡೆಯತೊಡಗಿತು. ಇಡೀ ದಿನ ಕಾಶಿನಾಥ ಡ್ರಮ್ಮುಗಳ ಮುಂದೆ ನಿಂತು, ನಮ್ಮಲ್ಲಿ ಯಾವುದೂ ಕೆಡುವುದಿಲ್ಲ ಎಂದು ತನಿಖೆಯವರಿಗೆ ವಿವರಿಸಿದ. ಮನಸ್ಸೆಲ್ಲ ಮನೆಯ ಫ್ರಿಜ್ಜಿನಲ್ಲಿತ್ತು. ಮಿಯಾಪುರಕ್ಕೆ ಮರಳುವಷ್ಟರಲ್ಲಿ ಹುಸೇನಮ್ಮನ ಗಾಡಿ ಮುಚ್ಚಿ ತಾಡಪತ್ರಿ ಬಿಗಿದಾಗಿತ್ತು. ಮನೆಗೆ ಬಂದವನು ಫ್ರಿಜ್ಜಿನ ಕಡೆ ನೋಡಲೂ ಇಲ್ಲ. ಊಟ ಬೇಡವೆಂದು ಮಲಗಿ, 'ಆನಂದಕುಮಾರ ನನಗಿಂತ' ಎಂದು ಮನಸ್ಸಿನಲ್ಲೇ ತಾಲೀಮು ಮಾಡಿದ. 'ಶಾಣ್ಯಾ' ಎನ್ನುವಲ್ಲಿಗೆ ಬಂದು ಪ್ರತಿ ಸಲವೂ ಮತ್ತೆ ಮೊದಲಿನಿಂದ ಶುರು ಮಾಡಿದ.

ಬೆಳಗಾಯಿತು. ಹನ್ನೊಂದು ಮನೆಯ ಹೆಂಗಸರು ಈಳಿಗೆ, ಚಾಕು ಹಿಡಿದು ಹಾಲ್ ತುಂಬ ಕೂತರು. ನ್ಯಾಯ ಹೇಳಲು ಬಿ ಬ್ಲಾಕಿನ ನರಹರಿ, ಬಟ್ಟೆ ವ್ಯಾಪಾರಿ, ಕುರ್ಚಿ ಹಾಕಿಸಿಕೊಂಡು ಕೂತರು.

"ನನಗ ಬಸ್ ಬಂದಂಗಾತು," ಎಂದು ಕಾಶಿನಾಥ ಎದ್ದ.

"ಇವತ್ತ ರಜಾ ಹಾಕೀರಲ್ಲ," ಎಂದು ಸುಮಂಗಲಾ ಕೂರಿಸಿದಳು.

ಮೊದಲು ಅತ್ತೆಯ ಗೋಣಿ ತೆರೆಯಿತು. ಎಲ್ಲವೂ ಚೆನ್ನಾಗಿತ್ತು. ಮೆಂತೆಯ ಅಂಚು ಸ್ವಲ್ಪ ಬಾಡಿತ್ತು, ಬದನೆಯ ಸಿಪ್ಪೆ ಒಂಚೂರು ಸುಕ್ಕಾಗಿತ್ತು, ಹತ್ತು ದಿನಕ್ಕೆ ಅಷ್ಟು ಸಹಜ. ನರಹರಿ ತಲೆದೂಗಿದರು. "ಈಗ ಕಾಶಿನಾಥರದು."

ಕಾಶಿನಾಥ ಪಾಂಡವರೈವರನ್ನೂ ನೆನೆದು, ಕಣ್ಣು ಮುಚ್ಚಿ, ಬಾಗಿಲು ಎಳೆದ. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಬದಲಾಗಿ "ಅಬಾಬಾ!" ಎಂಬ ಉದ್ಗಾರ ಕೇಳಿಸಿತು. ಒಂದು ಕಣ್ಣು ತೆರೆದ. ಬದನೆಕಾಯಿ ಮಿರಿಮಿರಿ ಮಿಂಚುತ್ತಿತ್ತು. ತೊಗರಿಕಾಯಿ ಹಸಿರು ಹಸಿರಾಗಿತ್ತು. ಮೆಂತೆಯ ಬೇರಿನಲ್ಲಿ ಹಸಿ ಮಣ್ಣು ಕೂಡ ಇತ್ತು. ಗಜ್ಜರಿಯ ಕವರಿಗೆ 'ಅವರೆಕಾಯಿ' ಎಂಬ ಚೀಟಿ ತಲೆಕೆಳಗಾಗಿ ಅಂಟಿತ್ತು.

ಬುದ್ಧಿ ಇದ್ದವನಾಗಿದ್ದರೆ ಆ ಮಣ್ಣನ್ನು ನೋಡಿದೊಡನೆ ಎಚ್ಚರವಾಗುತ್ತಿದ್ದ. ಕಾಶಿನಾಥನಿಗೆ ಬಂದದ್ದು ಒಂದೇ ವಿಚಾರ: ಮೂರನೆಯ ಬ್ಯಾಚಿಗೆ ಪದ್ಧತಿ ಕುದುರಿತು! ನೋಡನೋಡುತ್ತಿದ್ದಂತೆ ಅವನ ಎದೆ ಉಬ್ಬಿತು, ಕುಗ್ಗಿದ್ದ ಕೆನ್ನೆಗಳೂ ತುಂಬಿಕೊಂಡವು.

"ಇದಕ್ಕ ಅಂತಾರ ಶಾಸ್ತ್ರ," ಎಂದ.

ನರಹರಿ ತೀರ್ಪು ಕೊಟ್ಟರು. ಶಿವದೇವಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹನ್ನೊಂದು ಮನೆಯವರ ಎದುರಿಗೆ ಸ್ಪಷ್ಟವಾಗಿ ಹೇಳಿದಳು: "ನಮ್ಮ ಹಿರೇ ಅಳಿಯಂದ್ರು ಶಾಣ್ಯಾರು."

ಕಾಶಿನಾಥನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಅದನ್ನು ಉಳ್ಳಾಗಡ್ಡಿಯ ಲೆಕ್ಕಕ್ಕೆ ಹಾಕಿದರು.

ಮಧ್ಯಾಹ್ನ ಪಾರ್ಕಿನಲ್ಲಿ ಪಾಂಡವರ ಪೂಜೆಯಾಯಿತು, ಕ್ರೋಟನ್ನಿಗೆ ಚರಗ ಬಿತ್ತು, ಭಜ್ಜಿಯ ಬೋಗುಣಿ ಎರಡು ಸಲ ಬರಿದಾಯಿತು. ಊಟ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಕಾಶಿನಾಥ ಜಾರುಬಂಡೆಯ ಮೂರನೆಯ ಮೆಟ್ಟಿಲ ಮೇಲೆ ನಿಂತು ಉಪನ್ಯಾಸ ಕೊಡುತ್ತಿದ್ದ. 'ಮಿಯಾಪುರ ಕಾಯಿಪಲ್ಲೆ ಸಂರಕ್ಷಣಾ ಬಳಗ' ಎಂಬ ವಾಟ್ಸಾಪ್ ಗುಂಪು ಹುಟ್ಟಿ, ಅವನೇ ಅಧ್ಯಕ್ಷನಾಗಿ ಹತ್ತು ನಿಮಿಷ ಕಳೆದಿತ್ತು. ನರಹರಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

"ಮೊದಲನೇ ಹಂತ, ಮೂರು ಮುಳುಗು. ಎರಡನೇದ್ದು, ಸ್ಟ್ರಾ. ಮೂರನೇ ಹಂತ ಏನ್ರಿ?"

"ಮೂರನೇದ್ದು ಭಾಳ ಮುಖ್ಯ," ಎಂದು ಕಾಶಿನಾಥ ಬಾಯಿ ತೆರೆಯುವಾಗಲೇ, ಗೇಟಿನ ಕಡೆಯಿಂದ ಹುಸೇನಮ್ಮ ಬಂದಳು. ಸುಮಂಗಲಾ ಊಟಕ್ಕೆ ಕರೆದಿದ್ದಳು. ಶಿವದೇವಿಯೇ ಎದ್ದು ಎಲೆ ಹಾಕಿ ಬಡಿಸಿದಳು. ಹುಸೇನಮ್ಮ ಒಂದು ತುತ್ತು ಉಂಡು, ಮೆಟ್ಟಿಲ ಮೇಲಿದ್ದ ಅಧ್ಯಕ್ಷರನ್ನು ಕಂಡು ಮುಖ ಅರಳಿಸಿದಳು.

"ಸಾಹೇಬ್ರ, ನಿನ್ನೆ ಮುಂಜಾನೆ ಯಾಕ ಬರಲಿಲ್ರಿ? ನೀವು ಹೇಳಿದ್ದು ಎಲ್ಲಾ ತಗದಿಟ್ಟಿದ್ದೆ. ಆಮ್ಯಾಲೆ ಅಮ್ಮಾರು ಬಂದು, 'ನಮ್ಮ ಅಳಿಯಂದ್ರು ದಿನಾ ಏನೇನು ಕದ್ದು ಒಯ್ತಾರೋ ಅಷ್ಟೂ ಕೊಡವ್ವಾ' ಅಂತ ಇಸಗೊಂಡು ಹೋದ್ರು. ಮುಟ್ಟಿದವಿಲ್ರಿ?"

 ನರಹರಿ ಬರೆಯುತ್ತಿದ್ದ ಪೆನ್ನನ್ನು ಮೇಲೆತ್ತಿ, "ಇದು ಮೂರನೇ ಹಂತ ಏನ್ರಿ?" ಎಂದು ಶುದ್ಧ ಮನಸ್ಸಿನಿಂದ ಕೇಳಿದರು. ಆಮೇಲೆ ಎದ್ದ ನಗೆಗೆ ಕಾವಲುಗಾರ ಸೀಟಿ ಊದುತ್ತಾ ಓಡಿಬಂದ.

ಕಾಶಿನಾಥ ಮೆಟ್ಟಿಲಿಳಿಯಲಾಗದೆ, ಜಾರುಬಂಡೆಯ ಇನ್ನೊಂದು ಬದಿಯಿಂದ ಜಾರಿಯೇ ಕೆಳಗೆ ಬಂದ. ಸೀದಾ ಅತ್ತೆಯ ಕಾಲ ಬಳಿ ಬಂದು ನಿಂತ.

"ನಿಮಗ ಯಾವಾಗಿಂದ ಗೊತ್ತಿತ್ರಿ?"

"ವಾಕಿಂಗಿಗೆ ಚೀಲ ಒಯ್ದ ದಿನದಿಂದ. ಗಜ್ಜರಿ ಫ್ರಿಜ್‌ನಾಗ ಬೆಳೀತಾವು ಅಂದ್ರಲ್ಲ, ಅವತ್ತ ಪಕ್ಕಾ ಆತು."

"ಮತ್ತ ನಿನ್ನೆ ನೀವ ಯಾಕ ತಂದಿಟ್ರಿ? ಸೋಲಲಿ ಅಂತ ಬಿಡಬೇಕಿತ್ತಿಲ್ಲ?"

ಶಿವದೇವಿ ಮೊಣಕಾಲು ನೀವಿಕೊಂಡಳು. ಆ ಮೊಣಕಾಲಿನಲ್ಲೇ ಆಕೆ ಮೆಟ್ರೊ ಕಂಬದ ತನಕ ಹೋಗಿ ಹೊತ್ತು ತಂದಿದ್ದಳು. "ಪಲ್ಲೆ ಕೊಳತ್ರ ಬ್ಯಾರೆ ತರಬಹುದು. ಮಗಳ ಗಂಡನ ಮಾನ ಹನ್ನೊಂದು ಮನಿ ಮುಂದ ಕೊಳತ್ರ ಎಲ್ಲಿಂದ ತರ್ಲಿ? ನಿನ್ನೆ ನಸುಕಿನ್ಯಾಗ ನೀವು ಫ್ರಿಜ್ ಕಡೆ ತಿರುಗಿ ತಿರುಗಿ ನೋಡ್ಕೋತ ಬಸ್ ಹತ್ತಿದ್ರಿ. ನನಗ ಹೊಟ್ಟಿ ಚುರ್ ಅಂತು."

 ಹನ್ನೆರಡು ವರ್ಷ ಈ ಮುದುಕಿಯ ಬಗ್ಗೆ ತಾನು ಅಂದುಕೊಂಡದ್ದೆಲ್ಲ ನೆನಪಾಗಿ ಕಾಶಿನಾಥನಿಗೆ ನಾಚಿಕೆಯಾಯಿತು. ಅಷ್ಟಕ್ಕೇ ಅವನು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಎಷ್ಟು ಚಂದವಾಗಿ ಮುಗಿಯುತ್ತಿತ್ತು! ಆದರೆ ಆಸೆ ಯಾರನ್ನು ಬಿಟ್ಟಿದೆ?

"ಹಂಗಾರ ಅತ್ತಿಯವರ... ಮುಂಜಾನೆ ಅಂದ್ರಲ್ಲ, ಶಾಣ್ಯಾರು ಅಂತ... ಆ ಮಾತು?"

"ಅಂದ ಮಾತು ನಾ ವಾಪಸ್ ತಗೊಳ್ಳಂಗಿಲ್ಲ," ಎಂದಳು ಶಿವದೇವಿ. "ಆದ್ರ ಅದಕ್ಕೂ ಒಂದು ಚೀಟಿ ಹಚ್ಚರಿ. ತಯಾರಾದ ದಿನ, ಇವತ್ತು ಮುಂಜಾನೆ. ಮುದತು, ಇವತ್ತು ಹೊತ್ತು ಮುಣುಗೂ ತನಕ."

ಕಾಶಿನಾಥ ಆಕಾಶ ನೋಡಿದ. ಸೂರ್ಯ ಆಗಲೇ ಸಿ ಬ್ಲಾಕಿನ ನೀರಿನ ಟ್ಯಾಂಕಿಗೆ ಒರಗಿದ್ದ. ಹೆಚ್ಚೆಂದರೆ ಕಾಲು ತಾಸು. ಅವನು ಒಂದು ಕ್ಷಣವನ್ನೂ ವ್ಯರ್ಥ ಮಾಡದೆ ಫೋನ್ ತೆಗೆದು, ಸ್ಪೀಕರ್ ಹಚ್ಚಿ, ಸಿಕಂದರಾಬಾದಿಗೆ ಹಚ್ಚಿದ.

"ಆನಂದಕುಮಾರ, ಲಗೂನ ಕೇಳ್ರಿ! ಅತ್ತಿಯವರು ನನ್ನ ಬಗ್ಗೆ ಒಂದು ಮಾತು ಹೇಳ್ತಾರ. ಅತ್ತಿಯವರ, ಅನ್ರಿ, ಇನ್ನೂ ಬಿಸಲೈತಿ!"

"ಅದು ನನಗ ಹೋದ ವಾರನ ಗೊತ್ತೈತ್ರಿ ಅಣ್ಣಾರ," ಎಂದಿತು ಫೋನು. "ಗಜ್ಜರಿ ಬೆಳದದ್ದು, ಸ್ಟ್ರಾ, ಎಲ್ಲಾ ಅತ್ತಿಯವರು ಹೇಳ್ಯಾರ. ಅದಿರ್ಲಿ, ನಾಳೆ ಅವರು ಇತ್ತಾಗ ಬರ್ತಾರಂತಲ್ಲ, ಉಳಿದ ಪೇರಲಹಣ್ಣು ತಗೊಂಡು? ಆ ಹುಸೇನಮ್ಮನ ನಂಬರ್ ಒಂದು ಕೊಟ್ಟಿಡ್ರಿ. ಬೇಕಾಗತೈತಿ."

ಶಿವದೇವಿಯ ಮುಖ ಅರಳಿತು. ಹನ್ನೊಂದು ಮನೆಯವರ ಕಡೆಗೆ ತಿರುಗಿ, ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು.

"ನೋಡ್ರಿ, ನೋಡ್ರಿ! ಕೆಡೋಕ್ಕಿಂತ ಮೊದಲ ನಂಬರ್ ಇಸಗೊಂಡ! ನಮ್ಮ ಆನಂದಕುಮಾರ ಎಷ್ಟು ಶಾಣ್ಯಾ ಅದಾನ!"